ಮಾನಿಟರ್ ಆರ್ಮ್: ಕೊಳ್ಳೋ ಮುಂಚೆ, ಕೂರಿಸೋವಾಗ

ಆರ್ಮ್ ಆರ್ಡರ್ ಮಾಡೋ ಮುಂಚೆ ಮಾನಿಟರ್‌ ಹಿಂಭಾಗ ನೋಡಿ. ನಾಲ್ಕು ಸ್ಕ್ರೂ ತೂತು ಇದ್ಯಾ? ನಡುವಿನ ಅಂತರ ಸಾಮಾನ್ಯವಾಗಿ 75 ಇಲ್ಲಾ 100 ಮಿಲಿಮೀಟರ್; ಇದೇ ವೆಸಾ ಅಳತೆ. ಆರ್ಮ್ ಡಬ್ಬದ ಮೇಲಿನ ಇಂಚು ನಂಬಿ ಕೂರಬೇಡಿ, ಆರ್ಮ್ ಹೊರುತ್ತಾ ಅಂತ ತೂಕ ನೋಡಿ. ಸ್ಟ್ಯಾಂಡ್ ಬಿಟ್ಟು, ಬರೀ ಮಾನಿಟರ್‌ದು.

ಮೇಜಿನ ಅಂಚಿಗೆ ಕಚ್ಚಿಸೋ ಕ್ಲಾಂಪ್ ಗಾಜಿನ ಮೇಜಿಗೆ ಬೇಡವೇ ಬೇಡ. ಪಾರ್ಟಿಕಲ್ ಬೋರ್ಡ್ ಆದ್ರೆ ಕ್ಲಾಂಪ್ ಕಚ್ಚೋ ಕಡೆ ಹಲಗೆಯ ಮೇಲೂ ಕೆಳಗೂ ಲೋಹದ ಪಟ್ಟಿ ಕೊಡಿ, ಇಲ್ದಿದ್ರೆ ಅಂಚು ಕುಸಿಯುತ್ತೆ.

ಗ್ಯಾಸ್ ಸ್ಪ್ರಿಂಗ್ ಆರ್ಮ್ ಹತ್ರ ಹುಷಾರು! ಮಾನಿಟರ್ ಇಲ್ದೆ ಕೈಬಿಟ್ರೆ ರಪ್ಪಂತ ಮೇಲೆದ್ದು ಮುಖಕ್ಕೆ ಬಡಿಯುತ್ತೆ. ಮಾನಿಟರ್ ಕೂರಿಸಿದ್ಮೇಲೆ ತಾನಾಗೇ ಇಳೀತಿದ್ಯಾ? ಆರ್ಮಿನ ಬಿಗಿತದ ಸ್ಕ್ರೂಗೆ ಅಲೆನ್ ಕೀ ಹಾಕಿ ಪ್ಲಸ್ ಕಡೆ ತಿರುಗಿಸಿ. ಏರ್ತಿದ್ರೆ ಮೈನಸ್ ಕಡೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲಾ ಚೂರು ಕೆಳಗಿರಲಿ. ಕೇಬಲ್ ಕಟ್ಟೋ ಮುಂಚೆ ಆರ್ಮನ್ನ ಪೂರ್ತಿ ಚಾಚಿ, ಎಳೆತ ಬೀಳುತ್ತಾ ನೋಡ್ಕೊಳ್ಳಿ.