ಎಲ್ಲವೂ ‘ಗುಂಪು’ ಅಲ್ಲ: ಜನಸಮೂಹವನ್ನು ಸೂಚಿಸುವ ಇಂಗ್ಲಿಷ್ ಪದಗಳು

ಇಂಗ್ಲಿಷ್ ಪಾಠದಲ್ಲಿ ‘ಕ್ರೌಡ್’ ಬಂದಾಗ ಗುಂಪು, ‘ಮಾಬ್’ ಬಂದಾಗ ಗುಂಪು, ‘ಕಮ್ಯುನಿಟಿ’ ಬಂದಾಗಲೂ ಗುಂಪು ಎಂದೇ ಅರ್ಥ ಬರೆಸಿ ಮುಂದೆ ಸಾಗುವುದು ಕನ್ನಡ ಮಾಧ್ಯಮದ ತರಗತಿಗಳಲ್ಲಿ ಅಪರೂಪವೇನಲ್ಲ. ಓದುವಾಗ ವಾಕ್ಯದ ತಾತ್ಪರ್ಯ ಹೇಗೋ ತಿಳಿಯುತ್ತದೆ. ತೊಡಕು ಕಾಣಿಸುವುದು ಬರೆಯುವಾಗ. ವಾರ್ಷಿಕೋತ್ಸವದ ನಾಟಕ ನೋಡಲು ಬಂದ ಪೋಷಕರನ್ನು ವಿದ್ಯಾರ್ಥಿಯು ‘ಮಾಬ್’ ಎಂದು ಬರೆದನೆಂದರೆ, ತಪ್ಪಿನ ಮೂಲ ಅವನ ಟಿಪ್ಪಣಿ ಪುಸ್ತಕದಲ್ಲೇ ಇರುತ್ತದೆ.

ಜನ ಸೇರಿದ್ದು ಹೇಗೆ, ಏಕೆ ಎಂದು ಕೇಳಿಕೊಂಡರೆ ಈ ಪದಗಳ ಅಂತರ ಬೇಗ ತಿಳಿಯುತ್ತದೆ. ‘ಕ್ರೌಡ್’ ಪದವು ಒತ್ತು, ನೂಕು ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದುದು. ಜಾತ್ರೆಯ, ಬಸ್ ನಿಲ್ದಾಣದ ಜನಜಂಗುಳಿಗೆ ಅದು ಸಲ್ಲುತ್ತದೆ, ಅದರಲ್ಲಿ ನಿಂದೆಯಿಲ್ಲ. ‘ಮಾಬ್’ ಹಾಗಲ್ಲ. ‘ಚಂಚಲವಾದ ಸಾಮಾನ್ಯ ಜನ’ ಎಂಬರ್ಥದ ಲ್ಯಾಟಿನ್ ನುಡಿಗಟ್ಟು ‘ಮೊಬಿಲೆ ವುಲ್ಗುಸ್’ 17ನೆಯ ಶತಮಾನದಲ್ಲಿ ಮೊಟಕುಗೊಂಡು ಈ ರೂಪ ತಾಳಿತು. ಹುಟ್ಟಿನಲ್ಲೇ ತಾತ್ಸಾರವನ್ನು ಹೊತ್ತ ಈ ಪದಕ್ಕೆ ‘ಉದ್ರಿಕ್ತ ಗುಂಪು’, ‘ದೊಂಬಿ ಗುಂಪು’ ಎಂಬ ಅರ್ಥ ಸಮೀಪವಾದುದು. ಒಂದೇ ಘಟನೆಯನ್ನು ಒಂದು ಪತ್ರಿಕೆ ‘ಕ್ರೌಡ್’ ಎಂದೂ ಮತ್ತೊಂದು ‘ಮಾಬ್’ ಎಂದೂ ವರ್ಣಿಸಬಹುದು. ಎರಡನೆಯದು ಆಗಲೇ ತೀರ್ಪು ಕೊಟ್ಟಾಗಿದೆ ಎಂಬುದನ್ನು ಮಕ್ಕಳು ಗುರುತಿಸುವಂತಾಗಬೇಕು.

‘ಆಡಿಯನ್ಸ್’ ಪದದ ಮೂಲದಲ್ಲಿ ಕೇಳುವಿಕೆ ಇದೆ, ‘ಸ್ಪೆಕ್ಟೇಟರ್’ ಪದದಲ್ಲಿ ನೋಡುವಿಕೆ. ಭಾಷಣ, ಸಂಗೀತ, ನಾಟಕಗಳಿಗೆ ಮೊದಲನೆಯದು, ಪಂದ್ಯಾಟಕ್ಕೆ ಎರಡನೆಯದು. ಕನ್ನಡದ ‘ಪ್ರೇಕ್ಷಕರು’ ನಾಟಕಕ್ಕೂ ಪಂದ್ಯಕ್ಕೂ ಒದಗುವುದರಿಂದ ಇಲ್ಲಿ ಗೊಂದಲ ಸಹಜ. ಕಾಸರಗೋಡಿನ ಶಿಕ್ಷಕರಿಗೆ ಬಯಲಾಟವೇ ಉದಾಹರಣೆಯಾದೀತು: ರಂಗಸ್ಥಳದ ಸುತ್ತ ನೆರೆದ ‘ಕ್ರೌಡ್’, ಆಟ ಆರಂಭವಾಗಿ ಗಮನ ಅತ್ತ ನೆಟ್ಟೊಡನೆ ‘ಆಡಿಯನ್ಸ್’ ಆಗುತ್ತದೆ.

‘ಪೀಪಲ್’ ಬಹುವಚನವೇ ಆದರೂ, ‘ಎ ಪೀಪಲ್’ ಎಂದಾಗ ಭಾಷೆ, ಚರಿತ್ರೆ, ನೆನಪುಗಳನ್ನು ಹಂಚಿಕೊಂಡ ಒಂದು ಜನಸಮುದಾಯ ಎಂದಾಗುತ್ತದೆ. ‘ಪೀಪಲ್ಸ್’ ಎಂಬ ರೂಪ ತಪ್ಪಲ್ಲ. ಸಂವಿಧಾನದ ಪ್ರಸ್ತಾವನೆಯ ‘ಪೀಪಲ್’ ಕನ್ನಡದಲ್ಲಿ ‘ಜನತೆ’ ಆಗಿರುವುದು ಔಚಿತ್ಯಪೂರ್ಣ.

ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗುವುದು ‘ಜನಾಂಗ’ ಎಂಬ ಕನ್ನಡ ಪದದ ವಿಷಯದಲ್ಲಿ. ‘ರೇಸ್’, ‘ಟ್ರೈಬ್’, ‘ಕಮ್ಯುನಿಟಿ’, ಒಮ್ಮೊಮ್ಮೆ ‘ನೇಷನ್’ ಕೂಡ ಇದರೊಳಗೆ ಅಡಗುತ್ತವೆ. ‘ರೇಸ್’ ಮೈಬಣ್ಣ, ದೇಹಲಕ್ಷಣಗಳನ್ನು ಆಧರಿಸಿ ಮಾಡಿದ ವಿಂಗಡಣೆ. ಮನುಷ್ಯರನ್ನು ಹಾಗೆ ಖಚಿತವಾಗಿ ವಿಭಾಗಿಸುವುದನ್ನು ಇಂದಿನ ಜೀವವಿಜ್ಞಾನ ಒಪ್ಪುವುದಿಲ್ಲ. ‘ಟ್ರೈಬ್’ ಎಂಬುದಕ್ಕೆ ಭಾರತದಲ್ಲಿ ಕಾನೂನಿನ ಭಾರವೂ ಇದೆ. ಪರಿಶಿಷ್ಟ ಪಂಗಡಗಳ ಪಟ್ಟಿ ಸಂವಿಧಾನದ 342ನೆಯ ವಿಧಿಗೆ ಒಳಪಟ್ಟದ್ದು. ನೀಲಗಿರಿಯ ತೋಡರು, ಕೋಟರು ಆ ಪಟ್ಟಿಯಲ್ಲಿದ್ದಾರೆ. ನೆರೆಯ ಬಡಗರು ಇಲ್ಲ, ಸೇರಿಸಬೇಕೆಂಬ ಬೇಡಿಕೆ ಅವರಲ್ಲಿದೆ. ಮೂವರನ್ನೂ ‘ಜನಾಂಗ’ ಎಂದು ಕರೆದು, ಅದನ್ನೇ ‘ಟ್ರೈಬ್’ ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಚರ್ಚೆಯಲ್ಲಿರುವ ವಿಷಯವೊಂದನ್ನು ಶಿಕ್ಷಕರೇ ಇತ್ಯರ್ಥಗೊಳಿಸಿದಂತಾಗುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗೆ ತೀರ ಹತ್ತಿರದ ಪದ ‘ಮೈನಾರಿಟಿ’. ಸಾಮಾನ್ಯ ಬಳಕೆಯಲ್ಲಿ ಅದು ಕಡಿಮೆ ಸಂಖ್ಯೆಯವರು ಎಂದಷ್ಟೇ. ತರಗತಿಯ ನಲವತ್ತು ಮಕ್ಕಳಲ್ಲಿ ಕನ್ನಡಕ ಧರಿಸಿದ ಐವರೂ ಆ ಅರ್ಥದಲ್ಲಿ ‘ಮೈನಾರಿಟಿ’. ಸಂವಿಧಾನದ 30ನೆಯ ವಿಧಿಯಲ್ಲಾದರೋ ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರೆಂದರೆ, ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕುಳ್ಳವರು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಇಡೀ ಊರೇ ಕನ್ನಡ ಮಾತಾಡುವಾಗ ಅಲ್ಲಿನವರು ಅಲ್ಪಸಂಖ್ಯಾತರು ಹೇಗೆ ಎಂದು ಅಕ್ಕಲಕೋಟೆಯ ಹಳ್ಳಿಯ ಮಗು ಕೇಳಿದರೆ ಪ್ರಶ್ನೆ ಸಾಧುವಾದುದೇ. ಲೆಕ್ಕದ ಘಟಕ ಊರಲ್ಲ, ರಾಜ್ಯ ಎಂದು ಸರ್ವೋಚ್ಚ ನ್ಯಾಯಾಲಯ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣದಲ್ಲಿ ಹೇಳಿದೆ.

ತೆರವಾದ ಕನ್ನಡ ಶಿಕ್ಷಕರ ಹುದ್ದೆ ತುಂಬುವಂತೆ ಕೋರಿ ಇಂಗ್ಲಿಷಿನಲ್ಲಿ ಮನವಿ ಬರೆಯುವಾಗ ‘ಕನ್ನಡ ಕಮ್ಯುನಿಟಿ’ ಎಂದು ಬರೆಯುವ ರೂಢಿ ಕೆಲವೆಡೆ ಇದೆ. ಹೊಸೂರು, ತಾಳವಾಡಿಗಳಲ್ಲಿ ‘ಕಮ್ಯುನಿಟಿ ಸರ್ಟಿಫಿಕೇಟ್’ ಎಂದರೆ ಜಾತಿ ಪ್ರಮಾಣಪತ್ರ. ಆ ಪದ ಅಲ್ಲಿನ ಕಚೇರಿಗಳಲ್ಲಿ ಜಾತಿಯನ್ನೇ ನೆನಪಿಗೆ ತರುತ್ತದೆ. ಮನವಿಯ ಮೊದಲ ಸಾಲಿನಲ್ಲೇ ‘ಲಿಂಗ್ವಿಸ್ಟಿಕ್ ಮೈನಾರಿಟಿ’ ಎಂದು ಬರೆದು, 350ಎ ವಿಧಿಯ ಸಂಖ್ಯೆಯನ್ನು ಅದರ ಮುಂದೆ ನಮೂದಿಸುವುದು ಸೂಕ್ತ.