ದನ ಮಾರುವ ಮೊದಲು 12 ಸೆಂಟ್ಸ್ ಹುಲ್ಲಿನ ಲೆಕ್ಕ

ಈ ವಾರದ ಪ್ರಶ್ನೆ ಮಲ್ಪೆ ಹತ್ತಿರದ ಒಬ್ಬ ಕೇಳುಗರದ್ದು. ಮನೆಯಲ್ಲಿ ಎರಡು ಜೆರ್ಸಿ ದನ ಉಂಟಂತೆ. "ಡೈರಿಯಿಂದ ಬಂದ ದುಡ್ಡೆಲ್ಲ ಹಿಂಡಿಗೂ ಬೈಹುಲ್ಲಿಗೂ ಹೋಗ್ತದೆ. ಮಳೆಗಾಲಕ್ಕೆ ಮೊದಲು ದನ ಮಾರುದು ಅಂತ ಅಮ್ಮ ಹೇಳ್ತಿದ್ದಾರೆ. ಬೇರೆ ದಾರಿ ಉಂಟಾ?" ಅಂತ ಕೇಳಿದ್ದಾರೆ.

ದಾರಿ ಉಂಟು. ಆದ್ರೆ ಮೊದಲು ಲೆಕ್ಕ ನೋಡುವ. ಹೈನುಗಾರಿಕೆಯ ಖರ್ಚಿನಲ್ಲಿ ಶೇ. 60ರಿಂದ 70 ಭಾಗ ಮೇವು, ಹಿಂಡಿಗೇ ಹೋಗ್ತದೆ. ಹಾಲು ಕೊಡುವ ಒಂದು ಮಿಶ್ರತಳಿ ದನಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಹಸಿಹುಲ್ಲು, 5 ಕೆ.ಜಿ. ಒಣಹುಲ್ಲು ಬೇಕು. ವರ್ಷಕ್ಕೆ 9 ಟನ್ ಹಸಿ, ಹತ್ತಿರ ಹತ್ತಿರ 2 ಟನ್ ಒಣ. ಹಸಿಹುಲ್ಲು ಕಡಿಮೆಯಾದಷ್ಟೂ ಹಿಂಡಿ ಜಾಸ್ತಿ ಹಾಕ್ಬೇಕಾಗ್ತದೆ. ದುಡ್ಡು ಸೋರುವುದು ಅಲ್ಲೇ.

ಬೈಹುಲ್ಲು ಯಾಕೆ ಸಿಗ್ತಿಲ್ಲ?

ಹಿಂದೆ ಪ್ರತಿ ಅಂಗಳದಲ್ಲೂ ಹುಲ್ಲು ಕುತ್ರಿ ಇತ್ತು. ಈಗ ಎಷ್ಟೋ ಗದ್ದೆ ಹಡಿಲು ಬಿದ್ದಿದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು. ಬೇಸಾಯ ಮಾಡಿದ ಗದ್ದೆಯಲ್ಲೂ ಕೊಯ್ಲು ಯಂತ್ರದ್ದು. ಯಂತ್ರ ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗ್ತದೆ, ಮೇಲಿಂದ ಹಿಂಗಾರು ಮಳೆ ಬಿದ್ರೆ ಬೂಷ್ಟು. ಹಾಗಾಗಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಹುಲ್ಲೇ ಗತಿ.

ಒಂದು ಎಚ್ಚರಿಕೆ: ಹುಲ್ಲನ್ನು ಕೈಯಲ್ಲಿ ತಿರುಚಿದಾಗ ಚಟ್ ಅಂತ ಮುರಿಯುವಷ್ಟು ಒಣಗಿದ ಮೇಲೇ ಒಳಗಿಡಿ. ಬೂಷ್ಟು ಹಿಡಿದದ್ದನ್ನು ದನಕ್ಕೆ ಹಾಕ್ಬೇಡಿ, ಗೊಬ್ಬರಗುಂಡಿಗೆ ಹಾಕಿ.

ಇರುವ ಹುಲ್ಲಿಗೆ ಶಕ್ತಿ

ಬರೀ ಬೈಹುಲ್ಲಿನಲ್ಲಿ ಪ್ರೋಟೀನ್ ಶೇ. 3-4 ಅಷ್ಟೇ. ಯೂರಿಯಾ ಉಪಚಾರ ಮಾಡಿದ್ರೆ ಅದು ಶೇ. 7ರ ಆಸುಪಾಸಿಗೆ ಏರ್ತದೆ, ಜೀರ್ಣವೂ ಸುಲಭ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ. ಪದರ ಪದರವಾಗಿ ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಗಾಳಿ ಹೋಗದಂತೆ ಟಾರ್ಪಾಲು ಮುಚ್ಚಿ 21 ದಿನ ಬಿಡಿ. ಯೂರಿಯಾದಿಂದ ಹುಟ್ಟುವ ಅಮೋನಿಯಾ ಹುಲ್ಲಿನ ಗಟ್ಟಿ ನಾರನ್ನು ಸಡಿಲ ಮಾಡ್ತದೆ. ಹಾಕುವ ಮೊದಲು ಒಂದು ಗಂಟೆ ಹರಡಿ, ವಾಸನೆ ಹೋಗಲಿ. ಶುರುವಿಗೆ ಸ್ವಲ್ಪವೇ ಕೊಟ್ಟು ಅಭ್ಯಾಸ ಮಾಡಿಸಿ.

ಇದನ್ನು ಮಾತ್ರ ಮರೀಬೇಡಿ: ಆರು ತಿಂಗಳೊಳಗಿನ ಕರುವಿಗೆ ಇದು ಬೇಡ. ಯೂರಿಯಾ ನೀರು ದನದ ಬಾಯಿಗೆ ಸಿಗುವಲ್ಲಿ ಇಡ್ಲೇಬೇಡಿ, ನೇರ ಹೊಟ್ಟೆಗೆ ಹೋದ್ರೆ ಜೀವಕ್ಕೇ ಅಪಾಯ. ಮೊದಲ ಸಲ ಮಾಡುವಾಗ ಪಶುವೈದ್ಯರನ್ನು ಕೇಳಿಯೇ ಮಾಡಿ.

ಹಸಿಹುಲ್ಲು ಮನೆ ಹಿತ್ತಿಲಲ್ಲೇ

ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಸಿಒ-4 ಹುಲ್ಲು ಗೊತ್ತಲ್ವಾ? ಸಜ್ಜೆ ಮತ್ತು ನೇಪಿಯರ್ ಕೂಡಿಸಿ ಮಾಡಿದ ತಳಿ. ಅವರು ಹೇಳುವ ಇಳುವರಿ ಎಕರೆಗೆ ವರ್ಷಕ್ಕೆ 150 ಟನ್. ನಮ್ಮ ಮಣ್ಣಿನಲ್ಲಿ ಅದರ ಅರ್ಧ ಅಂತ ಹಿಡಿದ್ರೂ ಸೆಂಟ್ಸಿಗೆ 750 ಕೆ.ಜಿ. ಅಂದ್ರೆ 12 ಸೆಂಟ್ಸ್ ಜಾಗದಲ್ಲಿ ಒಂದು ದನದ ಇಡೀ ವರ್ಷದ ಹಸಿಹುಲ್ಲು!

ಎರಡು ಗಿಣ್ಣಿನ ತುಂಡು ತಂದು ಮಳೆ ಶುರುವಾದಾಗ ನೆಡಿ. ಮೊದಲ ಕಟಾವು 75-80 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಬೇಸಿಗೆಗೆ ಹಟ್ಟಿ ತೊಳೆದ ನೀರನ್ನೇ ಬಿಡಿ. ತೀರ ಎಳೆ ಹುಲ್ಲು ಕೊಯ್ಯಬೇಡಿ, ಅದರಲ್ಲಿ ಆಕ್ಸಲೇಟ್ ಜಾಸ್ತಿ, ದನಕ್ಕೆ ಕ್ಯಾಲ್ಸಿಯಂ ಸಿಗುವುದನ್ನು ತಡೀತದೆ. ಬೈಹುಲ್ಲಿನ ಜೊತೆ ಬೆರೆಸಿ, ಖನಿಜ ಮಿಶ್ರಣ ಸೇರಿಸಿ ಕೊಡಿ. ನೀರು ನಿಲ್ಲುವ ತಗ್ಗು ಜಾಗವಾದ್ರೆ ನೇಪಿಯರ್ ಕೊಳೀತದೆ. ಅಲ್ಲಿಗೆ ಪ್ಯಾರಾ ಹುಲ್ಲು ಸರಿ, ಸ್ವಲ್ಪ ಉಪ್ಪುನೀರನ್ನೂ ಅದು ತಡ್ಕೊಳ್ತದೆ.

ಗುಡ್ಡೆಯಲ್ಲಿ ಮೇಯಿಸುವವರಿಗೆ

ಮಳೆ ಬಂದ ಕೂಡಲೇ ದನ ಬಿಡ್ಬೇಡಿ. ಹುಲ್ಲು ಒಂದು ಅಡಿ ಬರಲಿ. ನಾಲ್ಕು ಬೆರಳಿನಷ್ಟು ಉಳಿಸಿ ಮೇಯಿಸಿ, ಆಮೇಲೆ ಆ ಭಾಗಕ್ಕೆ ಮೂರು ವಾರ ವಿಶ್ರಾಂತಿ. ಜಾಗವನ್ನು ನಾಲ್ಕು ಪಾಲು ಮಾಡಿದ್ರೆ ಸರದಿ ಸುಲಭ. ಬುಡದವರೆಗೆ ಮೇಯಿಸಿದ್ರೆ ಬೇರು ಸೋತು ಬರೀ ಕಳೆ ಉಳೀತದೆ. ಊರ ದನ, ಅಂದ್ರೆ ಮಲೆನಾಡು ಗಿಡ್ಡಕ್ಕೆ ಈ ಗುಡ್ಡೆ ಮೇವು ಚೆನ್ನಾಗಿ ಒಗ್ತದೆ. ಜೆರ್ಸಿ ಮಾತ್ರ ಇದನ್ನೇ ನಂಬಿ ಹಾಲು ಕೊಡುದಿಲ್ಲ.

ಹಾಗಾದ್ರೆ ಅಮ್ಮನಿಗೆ ಏನು ಹೇಳುದು? ಈಗ ನೆಟ್ಟ ಹುಲ್ಲು ಕೈಗೆ ಬರುವುದು ಆಗಸ್ಟ್ ಕೊನೆಗೆ, ಅಲ್ಲಿವರೆಗೆ ಖರ್ಚು ಇದ್ದದ್ದೇ. ಎರಡು ದನಕ್ಕೆ 24 ಸೆಂಟ್ಸ್ ಜಾಗ, ಬೇಸಿಗೆಗೆ ನೀರು, ಕೊಯ್ಯಲು ಒಂದು ಕೈ: ಮೂರೂ ಇದ್ರೆ ಎರಡನ್ನೂ ಉಳಿಸಿ. ಜಾಗ ಅರ್ಧವೇ ಇದ್ರೆ ಒಂದನ್ನು ಚೆನ್ನಾಗಿ ಸಾಕುವುದೇ ಲಾಭ. ಆ ಕೊಯ್ಯುವ ಕೈ ಯಾರದ್ದು ಅಂತ ಮಾತ್ರ ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿ. ಎಲ್ಲ ಅಮ್ಮನ ತಲೆಗೇ ಬಂದ್ರೆ ಅವರು ಮಾರುದು ಅಂತ ಹೇಳುದ್ರಲ್ಲಿ ತಪ್ಪಿಲ್ಲ.

ತುಂಡು ಎಲ್ಲಿ ಸಿಗ್ತದೆ ಅಂತ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲಾ ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಈಗಾಗಲೇ ಬೆಳೆದ ಪಕ್ಕದ ಮನೆಯವರಿದ್ರೆ ಇನ್ನೂ ಒಳ್ಳೆಯದು, ಒಂದು ಕಟ್ಟು ಸಾಕು. ಮುಂದಿನ ವಾರ ಸಿಗುವ.