ಮೇಲಿನ ಕೆರೆ, ಕೆಳಗಿನ ಕೆರೆ

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಟ್ಸಾಪ್ ಗುಂಪಿಗೆ ಊರಿಂದ ಒಂದೇ ಸಮನೆ ವಿಡಿಯೋಗಳು ಬಂದವು: ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದೆ, ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗ್ತಿದ್ದಾರೆ. 2024ರ ಮಾರ್ಚ್‌ನಲ್ಲಿ ಅದೇ ಗುಂಪಿಗೆ ಬಂದದ್ದು ಟ್ಯಾಂಕರ್ ಮುಂದೆ ಸಾಲು ನಿಂತ ಖಾಲಿ ಬಿಂದಿಗೆಗಳ ಫೋಟೊ. ಒಂದು ಸಲ ಮಳೆ ಹೆಚ್ಚಾಯ್ತು, ಇನ್ನೊಂದು ಸಲ ಕೈಕೊಟ್ಟಿತು ಅಂತ ನಾವೂ ಸುಮ್ಮನಾದೆವು. ಅದು ಸುಳ್ಳಲ್ಲ. ಆದರೆ ನಮ್ಮಲ್ಲಿ ಭೂಗೋಳ, ನಗರ ಯೋಜನೆ ಓದುವವರಿಗೆ ತರಗತಿಯಲ್ಲಿ ‘ಸಿಸ್ಟಮ್ಸ್ ಥಿಂಕಿಂಗ್’ ಪಾಠ ಶುರುವಾದ ಮೇಲೆ ಎರಡೂ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಬಿಡಿ ಭಾಗಗಳನ್ನು ನೋಡುವ ಮೊದಲು ಅವುಗಳ ನಡುವೆ ಏನು ಹರಿಯುತ್ತೆ ನೋಡು ಅನ್ನೋದೇ ಆ ಪಾಠದ ತಿರುಳು.

ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲಿದೆ, ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಬಿದ್ದ ನೀರು ಇಳಿದು ಹೋಗುತ್ತೆ. ಅದಕ್ಕೇ ಹಿಂದಿನವರು ಇಳಿಜಾರಿನುದ್ದಕ್ಕೂ ಏರಿ ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ಕೋಡಿ ಹರಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತಿ ಗದ್ದೆಗೆ ನೀರು ಬಿಡೋಕೆ ನೀರುಗಂಟಿ. ಇಂಗಿದ ನೀರು ಸುತ್ತಲ ಬಾವಿಗಳಿಗೆ. ಪ್ರವಾಹ ತಡೆಯೋದು, ಬೇಸಿಗೆಗೆ ನೀರು ಉಳಿಸೋದು ಎರಡನ್ನೂ ಒಂದೇ ಸರಪಳಿ ಮಾಡ್ತಿತ್ತು.

ಒಣಗಿದ ಕೆರೆ ಮಾತ್ರ ನಗರಕ್ಕೆ ಖಾಲಿ ಜಾಗದಂತೆ ಕಂಡಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಒಂದೊಂದನ್ನೇ ನೋಡಿದರೆ ತಪ್ಪು ಅನ್ನಿಸಲ್ಲ. ಬಸ್ ನಿಲ್ದಾಣ ಯಾರಿಗೆ ಬೇಡ ಹೇಳಿ? ಕಳಚಿದ್ದು ಕೊಂಡಿ.

ಉಳಿದ ಕಾಲುವೆಗಳಿಗೆ ಬೇರೆ ನೀರು ಸೇರಿತು. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರಿನ ಬಹುಪಾಲು ಸ್ನಾನ, ಬಟ್ಟೆ, ಪಾತ್ರೆ ಆದ ಮೇಲೆ ಚರಂಡಿಗೇ ಅಲ್ವಾ? ಸಂಸ್ಕರಣೆ ಆಗದೆ ಉಳಿದದ್ದು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ ಇಳಿಯಿತು. 2015, 2017, 2018ರಲ್ಲಿ ಆ ಕೆರೆಗೆ ಬೆಂಕಿಯೇ ಹತ್ತಿತು. ಕೋಡಿಯಲ್ಲಿ ನೀರು ಧುಮುಕುವಾಗ ಎದ್ದ ನೊರೆ ರಸ್ತೆಗೂ ಹಾರಿತು. ನಾವೆಲ್ಲ ಕೆರೆಯನ್ನು ನೋಡಿ ಮೂಗು ಮುಚ್ಚಿಕೊಂಡೆವು. ಅದರ ಸೋಪು ನಮ್ಮ ಬಚ್ಚಲಿನದ್ದು.

ಕೆರೆ ಕೆಟ್ಟಾಗ ಜನ ಬೋರ್‌ವೆಲ್ ಕೊರೆಸಿದರು. ಅಂತರ್ಜಲ ಇಳಿಯಿತು, ಪಕ್ಕದ ಮನೆಯ ಬೋರು ಬತ್ತಿತು, ಅವರು ಇನ್ನೂ ಆಳಕ್ಕೆ ಕೊರೆಸಿದರು. ಫೀಡ್‌ಬ್ಯಾಕ್ ಲೂಪ್ ಅಂತ ಪಠ್ಯದಲ್ಲಿ ಓದಿದಾಗ ನಮಗೆ ನೆನಪಾದದ್ದು ರಾತ್ರಿಯಿಡೀ ಗುಡುಗುಟ್ಟುವ ಆ ಬೋರ್ ಲಾರಿ.

ಹರಿವನ್ನೇ ಬಳಸಿಕೊಂಡ ಪ್ರಯತ್ನವೂ ಒಂದಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಒಣಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆಗಳು ತುಂಬಿವೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಲಿ ಎಂಬ ಅಲ್ಲಿಯವರ ಒತ್ತಾಯ ನಮಗೂ ನ್ಯಾಯವೆನಿಸುತ್ತೆ: ಬೆಂಗಳೂರಿಗೆ ಬೇಡವಾದ ನೀರು ಇಂಗೋದು ಅವರ ಬಾವಿಗೆ ತಾನೇ.

ಇದನ್ನು ಬರೆಯುವಾಗ ಉಪಗ್ರಹ ನಕ್ಷೆಯಲ್ಲಿ ನಮ್ಮ ನಮ್ಮ ಮನೆ ಹುಡುಕಿದೆವು. ಇಬ್ಬರ ಅಪಾರ್ಟ್‌ಮೆಂಟ್ ಎರಡು ಕೆರೆಗಳ ನಡುವಿನ ತಗ್ಗಿನಲ್ಲೇ ಇದೆ. “ತಗೊಳ್ಳುವಾಗ ವಾಸ್ತು ನೋಡಿದ್ವಿ, ನೀರಿನ ದಾರಿ ನೋಡ್ಲಿಲ್ಲ ಕಣೋ,” ಅಂದರು ಒಬ್ಬರ ಅಪ್ಪ ಫೋನಿನಲ್ಲಿ. ನೀವೂ ಒಮ್ಮೆ ಹುಡುಕಿ ನೋಡಿ: ನಿಮ್ಮ ಮನೆಗೆ ಮೇಲಿನ ಕೆರೆ ಯಾವುದು, ಕೆಳಗಿನದು ಯಾವುದು?